ಗಾಡಿ ನಿಲ್ಲದ ಊರಿನ ನಾಟಕ

ನಾನು ಯಾವ ಕೆಲಸವನ್ನು ಗಂಭೀರವಾಗಿ ಕೈಗೆತ್ತಿಕೊಂಡರೂ ಪಕ್ಕದಲ್ಲಿ ಯಾರಾದರೂ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿರುತ್ತಾರೆ. ಮೊದಮೊದಲು ಇದು ನನ್ನದೇ ಏನೋ ದೋಷ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ನಗುವಂಥದ್ದು ಎಲ್ಲಿ ನಡೆಯಲಿಕ್ಕಿದೆಯೋ ಅಲ್ಲಿಗೇ ದೇವರು ನನ್ನನ್ನು ಕಳಿಸುತ್ತಾನೆ, ಅಷ್ಟೆ.

ನಾನು ಕನ್ನಡ ಟೀಚರ್. ಹುಟ್ಟಿದ್ದು ಉಡುಪಿ ಕಡೆ, ಕಲಿಸಿದ್ದು ಠಾಣೆಯ ಒಂದು ಕನ್ನಡ ಶಾಲೆಯಲ್ಲಿ, ಇರುವುದು ಡೊಂಬಿವಲಿಯಲ್ಲಿ. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಟಿವಿಯವರ ವ್ಯಾಕರಣ ತಿದ್ದುವುದು ಸಾಕೆನ್ನಿಸಿ, ನಮ್ಮ ಸಂಘದ ಕೋಣೆಯಲ್ಲಿ ಭಾನುವಾರ ಬೆಳಿಗ್ಗೆ ದೊಡ್ಡವರಿಗಾಗಿ ಕನ್ನಡ ಕ್ಲಾಸು ಶುರುಮಾಡಿದೆ.

ಬಂದವರು ನಾಲ್ಕೇ ಮಂದಿ. ಒಬ್ಬರು ಕಲ್ಯಾಣ ಸ್ಟೇಷನ್ನಿನ ಹೊರಗೆ ಹೊಟೇಲು ಇಟ್ಟುಕೊಂಡ ಧಣಿ. ಮನೆಯಲ್ಲಿ ತುಳು, ಗಲ್ಲಾದಲ್ಲಿ ಹಿಂದಿ, ಭಾನುವಾರ ಮಾತ್ರ ಕನ್ನಡ. ಇನ್ನೊಬ್ಬರು ವಿಜಯಪುರದ ಕಡೆಯವರು, ರಬಾಳೆಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಮೂರನೆಯವಳು ಕಾಲೇಜು ಹುಡುಗಿ. ಡೊಂಬಿವಲಿಯಲ್ಲೇ ಹುಟ್ಟಿದವಳು, ನಾವು ಹೇಳಿದ ಕನ್ನಡವೆಲ್ಲ ಅವಳಿಗೆ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ನಾಲ್ಕನೆಯವಳು ಠಾಣೆಯ ಪಕ್ಕದ ಕಳವಾ ಎಂಬ ಊರಿನ ಮರಾಠಿ ಹುಡುಗಿ. ಕುಂದಾಪುರ ಕಡೆಯ ಮನೆಯ ಹುಡುಗನನ್ನು ಪ್ರೀತಿಸಿ ಮದುವೆಯಾದವಳು. ಅತ್ತೆ ಏನು ಹೇಳುತ್ತಿದ್ದಾರೆಂದು ತಿಳಿದೇ ತೀರಬೇಕೆಂದು ಕನ್ನಡ ಕಲಿಯಲು ಬಂದಿದ್ದಳು. ಮದುವೆಯಾದ ಹೊಸದರಲ್ಲಿ ಅತ್ತೆ 'ಊಟ' ಅಂದಾಗಲೆಲ್ಲ ಕೂತಲ್ಲಿಂದ ಥಟ್ಟನೆ ಎದ್ದು ನಿಲ್ಲುತ್ತಿದ್ದಳಂತೆ. ಮರಾಠಿಯಲ್ಲಿ 'ಊಠ್' ಅಂದರೆ ಏಳು. ಊಟದ ಹೆಸರೆತ್ತಿದರೆ ಎದ್ದು ನಿಲ್ಲುವ ಸೊಸೆ ಯಾರಿಗೆ ಸಿಕ್ಕಿದ್ದಾಳೆ ಎಂದು ಅತ್ತೆ ಬಿಲ್ಡಿಂಗಿಗೆಲ್ಲ ಹೇಳಿಕೊಂಡು ಬಂದಿದ್ದರಂತೆ.

ಹೀಗೆ ಕ್ಲಾಸು ನಡೆಯುತ್ತಿರುವಾಗ ಸಂಘದ ಅಧ್ಯಕ್ಷರು ಬಂದು ನಿಂತರು. "ಟೀಚರೇ, ನಾಲ್ಕು ಜನಕ್ಕೆ ಒಂದು ಕೋಣೆ ಅಂದರೆ ಕಮಿಟಿಯಲ್ಲಿ ಮಾತು ಬರ್ತದೆ. ಯೋಗದವರು ಕೇಳ್ತಾ ಇದ್ದಾರೆ. ವಾರ್ಷಿಕೋತ್ಸವದಲ್ಲಿ ನಿಮ್ಮ ಕ್ಲಾಸಿನವರು ಏನಾದರೂ ಮಾಡಿ ತೋರಿಸಿದರೆ ನಾನು ನಿಮ್ಮ ಪರ ಮಾತಾಡಬಹುದು."

"ಏಕಾಂಕ ಮಾಡಿಸ್ತೇನೆ," ಎಂದೆ.

"ಇವರಿಂದಲಾ?"

"ಇವರಿಂದಲೇ," ಎಂದೆ. ನನಗೆ ಅನುಮಾನವೇ ಇರಲಿಲ್ಲ. ಅನುಮಾನವಿದ್ದದ್ದು ಆ ನಾಲ್ವರಿಗೆ ಮಾತ್ರ.

ಅಚ್ಚಿನ ತಪ್ಪು

ನಾನು ಆರಿಸಿದ್ದು ಶಾಲೆಯಲ್ಲಿ ವರ್ಷವರ್ಷವೂ ಪಾಠ ಮಾಡಿ ಬಾಯಿಪಾಠವಾಗಿದ್ದ ಒಂದು ಸಣ್ಣ ಏಕಾಂಕ. ಒಂದು ಸಣ್ಣ ಊರು. ಊರಿಗೆ ಸ್ಟೇಷನ್ ಇದೆ, ಆದರೆ ಗಾಡಿ ನಿಲ್ಲುವುದಿಲ್ಲ. ದಿನಾ ಬರುತ್ತದೆ, ಕೂಗುತ್ತದೆ, ಹೋಗುತ್ತದೆ. ಪಾತ್ರಗಳು ಮೂರು. ಸ್ಟೇಷನ್ ಮಾಸ್ತರ, ಚಾ ಅಂಗಡಿಯವ, ಮತ್ತು ದೂರದಲ್ಲಿರುವ ಮಗಳ ಮನೆಗೆ ಹೋಗಬೇಕೆಂದು ಗಂಟು ಕಟ್ಟಿಕೊಂಡು ಕೂತ ಒಬ್ಬಳು ಅಜ್ಜಿ. ಇವತ್ತು ಗಾಡಿ ನಿಲ್ಲುತ್ತದಂತೆ ಎಂದು ಸುದ್ದಿ ಬರುತ್ತದೆ. ಮೂವರೂ ಕಾಯುತ್ತಾರೆ. ಗಾಡಿಯ ಸದ್ದು ಹತ್ತಿರವಾಗುತ್ತದೆ, ಇನ್ನೂ ಹತ್ತಿರವಾಗುತ್ತದೆ, ಥಟ್ಟನೆ ದೀಪ ಆರುತ್ತದೆ, ನಾಟಕ ಮುಗಿಯುತ್ತದೆ. ಗಾಡಿ ನಿಂತಿತೋ ಇಲ್ಲವೋ ಬರೆದವರು ಹೇಳಿಲ್ಲ.

ಮೊದಲ ದಿನ ಓದಿ ಮುಗಿಸಿ, ಶಾಲೆಯಲ್ಲಿ ಕೇಳುತ್ತಿದ್ದ ಪ್ರಶ್ನೆಯನ್ನೇ ಕೇಳಿದೆ. "ಇಲ್ಲಿ ರೈಲು ಏನನ್ನು ಸೂಚಿಸುತ್ತದೆ?"

ಶಾಲೆಯ ಮಕ್ಕಳು ಒಂದೇ ಸ್ವರದಲ್ಲಿ 'ಭರವಸೆಯನ್ನು' ಅನ್ನುತ್ತಿದ್ದರು. ಇಲ್ಲಿ ಕಾಲೇಜು ಹುಡುಗಿ ಕೈ ಎತ್ತಿ, "ಟೆನ್ಶನ್," ಎಂದಳು.

ದಿನಾ ಮುಂಜಾನೆ ಲೋಕಲ್ಲಿನಲ್ಲಿ ನೇತಾಡಿಕೊಂಡು ಕಾಲೇಜಿಗೆ ಹೋಗುವವಳು, ಪಾಪ. ಸರಿ, ಇನ್ನೊಮ್ಮೆ ಓದೋಣ ಎಂದು ಮರಾಠಿ ಸೊಸೆಗೆ ಪುಟ ಕೊಟ್ಟೆ. ಅವಳು ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಕಂಸದೊಳಗಿನ ಸೂಚನೆಯನ್ನು ಓದಿದಳು. "ರೈಲು ಬರುವ ಹೊತ್ತು. ಎಲ್ಲರೂ ಸಾಲಾಗಿ, ಶಾಂತರಾಗಿ ನಿಂತಿದ್ದಾರೆ."

ಅಲ್ಲಿಗೆ ನಿಲ್ಲಿಸಿ, ಅದನ್ನೇ ಇನ್ನೊಮ್ಮೆ ಮನಸ್ಸಿನಲ್ಲೇ ಓದಿಕೊಂಡು, ಪುಟವನ್ನು ನನ್ನ ಕಡೆ ತಿರುಗಿಸಿದಳು. "ಟೀಚರ್, ಇಲ್ಲಿ ಪ್ರಿಂಟಿಂಗ್ ಮಿಸ್ಟೇಕ್ ಇದೆ."

ಭರವಸೆ

ಆದರೂ ಭರವಸೆ ಎಂಬ ಮಾತನ್ನು ನಾನು ಬಿಡುವವಳಲ್ಲ. 'ಈ ನಾಟಕದಲ್ಲಿ ಭರವಸೆ ಎಲ್ಲಿ ಕಾಣುತ್ತದೆ?' ಎಂದು ಮನೆಗೆಲಸ ಕೊಟ್ಟೆ. ಮುಂದಿನ ಭಾನುವಾರ ಸೊಸೆ ದುಂಡಗಿನ ಅಕ್ಷರದಲ್ಲಿ ಒಂದೇ ಸಾಲು ಬರೆದು ತಂದಿದ್ದಳು. 'ಎಲ್ಲಿಯೂ ಕಾಣುವುದಿಲ್ಲ.'

"ಹೀಗೆ ಯಾಕೆ ಬರೆದೆ?" ಎಂದೆ.

"ಗಾಡಿ ಯಾವತ್ತೂ ನಿಲ್ಲಲ್ಲ ಅಲ್ಲ, ಟೀಚರ್? ಗಾಡೀಚಾ ಕಾಯ್ ಭರವಸಾ?"

ಆಗ ನನಗೆ ಹೊಳೆಯಿತು. ಮರಾಠಿಯಲ್ಲಿ 'ಭರವಸಾ' ಅಂದರೆ ನಂಬಿಕೆ. ಭರವಸಾ ಇಲ್ಲ ಅಂದರೆ ನಂಬಿ ಕೂರಬೇಡ ಎಂದರ್ಥ. ನಾನು ಕುರ್ಚಿ ಮುಂದಕ್ಕೆ ಎಳೆದುಕೊಂಡು ವಿವರಿಸಿದೆ. "ನೋಡು ಮಗಾ, ನಂಬಲಿಕ್ಕೆ ಆಗುವುದಿಲ್ಲ ಅಂತ ಗೊತ್ತಿರ್ತದೆ. ನಿನ್ನೆ ಬರಲಿಲ್ಲ, ಮೊನ್ನೆ ಬರಲಿಲ್ಲ. ಆದರೂ ಇವತ್ತು ಬರ್ತದೆ ಅಂತ ಹೋಗಿ ಅದರ ಎದುರು ನಿಲ್ತೇವೆ ನೋಡು, ಅದು ಕನ್ನಡದ ಭರವಸೆ."

ಅವಳ ಮುಖ ಅರಳಿತು. "ಸಮಜಲಾ, ಟೀಚರ್! ನಮ್ಮ ಬಿಲ್ಡಿಂಗ್‌ದು ಲಿಫ್ಟ್."

ಪೂರ್ತಿ ಅಂಕ ಕೊಟ್ಟೆ.

ಯಾವ ಊರು?

ನಾಟಕದಲ್ಲಿ ಊರಿನ ಹೆಸರಿಲ್ಲ. ಅದಕ್ಕಾಗಿ ಒಂದು ಇಡೀ ಭಾನುವಾರ ಹೋಯಿತು.

"ಇದು ನಮ್ಮ ಕಡೆಯ ಊರೇ," ಎಂದರು ಹೊಟೇಲು ಧಣಿ. "ಅಜ್ಜಿ ಗಂಟು ಕಟ್ಟಿಕೊಂಡು ಕೂತಿದ್ದಾಳೆ ಅಂತ ಉಂಟಲ್ಲ? ಅದರಲ್ಲಿ ಕುಚ್ಚಲಕ್ಕಿ ಉಂಟು. ಮಗಳ ಮನೆಗೆ ನಮ್ಮವರು ಅಕ್ಕಿ ಇಲ್ಲದೆ ಹೋಗುದಿಲ್ಲ."

ಸೂಪರ್‌ವೈಸರ್ ಸುಮ್ಮನಿರಲಿಲ್ಲ. "ಅಕ್ಕಿ ಅಂತ ಎಲ್ಲಿ ಬರದಾರ್ರೀ ಅಣ್ಣಾರ? ಗಂಟು ಅಂತ ಅಷ್ಟ ಐತಿ. ಅದು ರೊಟ್ಟಿ ಬುತ್ತಿ. ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ. ದೂರದ ಪ್ರಯಾಣಕ್ಕ ಅಕ್ಕಿ ಕಟಗೊಂಡು ಹೋಗಿ ಗಾಡ್ಯಾಗ ಒಲಿ ಹಚ್ಚತಾಳೇನ್ರಿ ನಿಮ್ಮ ಅಜ್ಜಿ?"

"ನಮ್ಮ ಅಜ್ಜಿಯ ಸುದ್ದಿಗೆ ಬರಬೇಡಿ ಮಾರಾಯ್ರೆ!"

ಅಜ್ಜಿಯ ಪಾತ್ರ ಯಾರಿಗೆಂದು ಇನ್ನೂ ನಿರ್ಧಾರವಾಗಿರಲಿಲ್ಲ, ಆಗಲೇ ಗಂಟಿಗಾಗಿ ಜಗಳ. ನಾನು ಮೇಜು ಕುಟ್ಟಿ, "ನೀನು ಹೇಳು, ಇದು ಯಾವ ಊರು?" ಎಂದು ಸೊಸೆಯನ್ನು ಕೇಳಿದೆ.

ಅವಳು ತಡಮಾಡಲಿಲ್ಲ. "ಕಳವಾ," ಎಂದಳು.

ಇಬ್ಬರೂ ಅವಳ ಕಡೆ ತಿರುಗಿದರು. ಅವಳು ತನ್ನ ಹರಕುಮುರುಕು ಕನ್ನಡದಲ್ಲಿ ಹೇಳಿದಳು. "ನಮ್ಮ ಕಳವಾದಲ್ಲಿ ಫಾಸ್ಟ್ ಗಾಡಿ ಮೂಗಿನ ಎದುರು ಹೋಗುತ್ತದೆ, ಟೀಚರ್. ನಿಲ್ಲುವುದಿಲ್ಲ. ನನ್ನ ಬಾಬಾ, ಅಪ್ಪ, ಸ್ಲೋ ಗಾಡಿಗೆ ನಿಲ್ಲುತ್ತಾರೆ. ಫಾಸ್ಟ್ ಹೋಗುವಾಗ ನೋಡುತ್ತಾರೆ. ಒಂದು ದಿನ ಇಲ್ಲಿ ಸಹ ನಿಲ್ಲುತ್ತದೆ ಹೇಳುತ್ತಾರೆ. ನಾನು ಚಿಕ್ಕವಳು ಇದ್ದಾಗ ಸಹ ಹೇಳುತ್ತಿದ್ದರು. ಈಗ ಅವರು ರಿಟೈರ್ ಆದರು. ಈಗ ಸಹ ಹೇಳುತ್ತಾರೆ."

ಇಷ್ಟು ವರ್ಷ ಪಾಠ ಮಾಡಿದ್ದಕ್ಕೆ ಒಬ್ಬರಿಗಾದರೂ ನಾಟಕ ಅರ್ಥವಾಯಿತಲ್ಲ ಎಂದು ನಾನು ಪುಸ್ತಕ ಮುಚ್ಚಿಟ್ಟೆ. ಸೂಪರ್‌ವೈಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಹೊಟೇಲು ಧಣಿಯೂ ಕಣ್ಣು ಒರೆಸಿಕೊಂಡು, ಸ್ವಲ್ಪ ಯೋಚಿಸಿ, ಮೆಲ್ಲನೆ ಕೇಳಿದರು. "ಟೀಚರೇ, ಊರು ಕಳವಾ ಆದರೆ ಆ ಅಜ್ಜಿ ರಿಕ್ಷಾ ಹಿಡಿದು ಖಾಡಿಯ ಸೇತುವೆ ದಾಟಿ ಠಾಣೆಗೆ ಹೋಗಿ ಹತ್ತಬಹುದಿತ್ತಲ್ಲ?"

"ಹಾಗೆ ಮಾಡಿದರೆ ನಾಟಕವೇ ಇರುವುದಿಲ್ಲ," ಎಂದೆ.

"ಅಜ್ಜಿ ಮಗಳ ಮನೆಗೆ ಮುಟ್ಟುತ್ತಿದ್ದಳಲ್ಲ? ನಿಮಗೆ ನಾಟಕ ಮುಖ್ಯವೋ, ಅಜ್ಜಿ ಮುಖ್ಯವೋ?"

ಆಯಿ

ಅಜ್ಜಿಯ ಪಾತ್ರವನ್ನು ಸೊಸೆಗೇ ಕೊಟ್ಟೆ. ಹೊಟೇಲು ಧಣಿ ಸ್ಟೇಷನ್ ಮಾಸ್ತರ, ಸೂಪರ್‌ವೈಸರ್ ಚಾ ಅಂಗಡಿಯವ. ಕಾಲೇಜು ಹುಡುಗಿ ಸೌಂಡು ನೋಡಿಕೊಳ್ಳುವುದು ಎಂದಾಯಿತು.

ಪುಸ್ತಕದಲ್ಲಿ ಚಾ ಅಂಗಡಿಯವನ ಮಾತು 'ಅಜ್ಜಿ, ಚಾ ಕುಡಿಯಿರಿ' ಎಂದಿದೆ. ಆದರೆ ನಮ್ಮ ಸೂಪರ್‌ವೈಸರ ಬಾಯಲ್ಲಿ ಅದು ಪ್ರತಿಸಲ 'ಆಯೀ, ಚಾ ಕುಡೀರಿ' ಎಂದೇ ಬರುತ್ತಿತ್ತು. ಅವರ ಕಡೆ ಆಯಿ ಅಂದರೆ ಅಜ್ಜಿ. ಮರಾಠಿಯಲ್ಲಿ ಆಯಿ ಅಂದರೆ ತಾಯಿ. ಮೊದಲ ಸಲ ಸೊಸೆ ಬೆಚ್ಚಿಬಿದ್ದಳು. ಅವರ ತಲೆ ಪೂರ್ತಿ ನರೆತಿದೆ, ಇವಳು ಅವರ ಮಗಳ ವಯಸ್ಸಿನವಳು. ನಾನು ಅರ್ಥ ಬಿಡಿಸಿ ಹೇಳಿದ ಮೇಲೆ ನಕ್ಕು ಒಪ್ಪಿಕೊಂಡಳು. ಅಲ್ಲಿಗೆ ಮುಗಿಯಬೇಕಿತ್ತು.

ಆದರೆ ಅವರಿಗೆ ಅದೇ ರೂಢಿಯಾಗಿಹೋಯಿತು. ಒಂದು ದಿನ ಅಭ್ಯಾಸ ಮುಗಿಸಿ ಎಲ್ಲರೂ ಕೆಳಗಿಳಿದು ವಡಾಪಾವಿನ ಗಾಡಿಯ ಹತ್ತಿರ ನಿಂತಿದ್ದೆವು. ಸೂಪರ್‌ವೈಸರ್ ಎಲ್ಲರ ಎದುರು ಗಟ್ಟಿಯಾಗಿ, "ಆಯೀ, ನಿಮಗೂ ಒಂದು ವಡಾಪಾವ್ ತಗೋಳ್ಲೇನ್ರಿ?" ಎಂದರು.

ವಡಾಪಾವಿನವನು ಬಾಣಲೆಯಿಂದ ತಲೆ ಎತ್ತಿ ನರೆತ ತಲೆಯ ಮಗನನ್ನೂ ಜೀನ್ಸು ಹಾಕಿದ ತಾಯಿಯನ್ನೂ ನೋಡಿದ. ಸೊಸೆ ಕೆಂಪಾಗಿ, "ತಸಂ ನಾಹೀ ದಾದಾ," ಹಾಗಲ್ಲ ಅಣ್ಣಾ ಎಂದು ಮರಾಠಿಯಲ್ಲಿ ವಿವರಣೆ ಶುರುಮಾಡಿದಳು. ಇವರ ಭಾಷೆಯಲ್ಲಿ ಆಯಿ ಅಂದರೆ ತಾಯಿ ಅಲ್ಲ, ಅಜ್ಜಿ. ನಾನು ಇವರ ಅಜ್ಜಿ.

ಅವನು ಒಂದು ಕ್ಷಣ ಅವಳನ್ನೇ ನೋಡಿದ. ಆಮೇಲೆ ಬಹಳ ಗೌರವದಿಂದ ಕೇಳಿದ. "ಆಜೀ, ಹಾಗಾದರೆ ಚಟ್ನಿ ಖಾರ ಕಡಿಮೆ ಹಾಕಲಾ?"

ಹಸಿರು ಬಾವುಟ

ಹೊಟೇಲು ಧಣಿಗೆ ಚಿಕ್ಕಂದಿನಿಂದ ನಾಟಕದ ಹುಚ್ಚು. ಊರಿನಿಂದ ಬಂದ ಮೇಲೆ ಹೊಟೇಲೇ ರಂಗವಾಯಿತು, ಬಣ್ಣ ಹಚ್ಚುವುದಕ್ಕೆ ಸಮಯ ಸಿಗಲಿಲ್ಲ ಎಂದು ಹೇಳಿಕೊಳ್ಳುತ್ತಿದ್ದರು. ಮಾತು ಬಾಯಿಪಾಠ, ದನಿ ಗಂಟೆಯ ಹಾಗೆ. ತೊಂದರೆ ಒಂದೇ. ಅವರು ಸ್ಟೇಷನ್ ಮಾಸ್ತರನ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಅವರ ಕಣ್ಣೆಲ್ಲ ಪಕ್ಕದ ಚಾ ಅಂಗಡಿಯ ಮೇಲೆ.

"ಟೀಚರೇ, ಇವರು ಗ್ಲಾಸು ಹಿಡಿಯುವ ಕ್ರಮ ಸರಿ ಇಲ್ಲ. ಬೆರಳು ಒಳಗೆ ಹೋಗ್ತದೆ. ನೋಡಿದವರು ಚಾ ಕುಡಿಯುದುಂಟಾ?"

"ಅಣ್ಣ, ಅದು ಖಾಲಿ ಗ್ಲಾಸು. ನೀವು ನಿಮ್ಮ ಮಾತು ಹೇಳಿ."

ಸೂಪರ್‌ವೈಸರಿಗೂ ರೇಗಿತು. "ಅಣ್ಣಾರ, ನೀವು ಗಾಡಿ ನೋಡ್ರಿ. ನಾ ಚಾ ನೋಡ್ಕೋತೀನಿ."

ಧಣಿ ಹೋಗಿ ಕೂತರು. ಮತ್ತೆ ಕಥೆ ನಡೆಯಿತು. ಗಾಡಿ ಬರುವ ಸುದ್ದಿ, ಅಜ್ಜಿ ಎದ್ದು ನಿಲ್ಲುವುದು, ಎಲ್ಲ ಚೆನ್ನಾಗಿ ಬಂತು. ಚಾ ಅಂಗಡಿಯವ ಸಂಭ್ರಮದಲ್ಲಿ ಗ್ಲಾಸನ್ನು ಮೇಜಿನ ಮೇಲೆ ಇಡುವಾಗ, ಈ ಸಲ ಖಾಲಿ ಬೇಡವೆಂದು ನಿಜವಾಗಿ ನೀರು ತುಂಬಿದ್ದರಿಂದ, ನೀರು ಚೆಲ್ಲಿತು. ನಾನು ರಂಗದ ಪಕ್ಕದಲ್ಲಿ ನಿಂತು, "ಬಾವುಟ, ಅಣ್ಣ, ಬಾವುಟ!" ಎಂದು ಸೂಚನೆ ಕೊಟ್ಟೆ.

ಸ್ಟೇಷನ್ ಮಾಸ್ತರ ಎದೆ ಸೆಟೆಸಿ ಎದ್ದು, ಕಂಕುಳಲ್ಲಿದ್ದ ಹಸಿರು ಬಾವುಟ ತೆಗೆದು, ಬಿಡಿಸಿ, ಎರಡು ಹೆಜ್ಜೆ ಮುಂದೆ ಬಂದು, ಮೇಜನ್ನು ಒಂದೇ ಬೀಸಿಗೆ ಒರೆಸಿ ಹಾಕಿದರು.

ಡೈಲಾಗಿಗೆ ಸೀಟು

ಸೊಸೆಗೆ ಒಂದು ಉದ್ದದ ಮಾತಿತ್ತು. ಅಜ್ಜಿ ಗಂಟು ಎದೆಗೆ ಅವಚಿಕೊಂಡು ಹೇಳುವ ಮಾತು. 'ಇನ್ನೆಷ್ಟು ವರ್ಷ ಕಾಯಲಿ ನಾನು? ಕಣ್ಣು ಮಂಜಾಯಿತು, ಕಾಲು ಸೋತಿತು. ನನ್ನ ಮಗಳ ಮುಖ ನೋಡದೆ ಈ ಜೀವ ಹೋಗುತ್ತದೆಯೇ?' ಉಚ್ಚಾರ ಸರಿಯಾಯಿತು, ಅಳು ಬರುತ್ತಿರಲಿಲ್ಲ. ಮನೆಯಲ್ಲಿ ಅತ್ತೆ ಎದುರು ಅತ್ತರೆ ಅಪಾರ್ಥವಾಗುತ್ತದೆ, ಆಫೀಸಿನಲ್ಲಿ ಅತ್ತರೆ ರಜೆ ಕೊಡುತ್ತಾರೆ. ಅಭ್ಯಾಸ ಎಲ್ಲಿ ಮಾಡುವುದು?

ನಾನೂ ಅವಳೂ ಒಂದು ದಿನ ಕೂಡಿಯೇ ಡೊಂಬಿವಲಿಯಿಂದ ಠಾಣೆಗೆ ಹೊರಟೆವು. ಲೇಡೀಸ್ ಡಬ್ಬದಲ್ಲಿ ಉಸಿರಾಡಲೂ ಜಾಗವಿಲ್ಲ. "ಇಲ್ಲೇ ಹೇಳು," ಎಂದೆ. "ಇಲ್ಲಿ ಯಾರಿಗೆ ಕನ್ನಡ ಬರ್ತದೆ?"

ಅವಳು ಹ್ಯಾಂಡ್‌ಬ್ಯಾಗನ್ನೇ ಗಂಟು ಮಾಡಿ ಎದೆಗವಚಿಕೊಂಡಳು. "ಇನ್ನೆಷ್ಟು ವರ್ಷ ಕಾಯಲಿ ನಾನು?" ಎಂದು ಶುರುಮಾಡಿದಳು. ಮೇಲಿನ ಹಿಡಿಕೆಗೆ ಜೋತುಬಿದ್ದ ಕೈಗಳ ನಡುವೆ, ಬೆವರಿನಲ್ಲಿ, ಯಾರದೋ ಮೊಣಕೈ ಪಕ್ಕೆಗೆ ಚುಚ್ಚುತ್ತಿರುವಾಗ, ಆ ಮಾತು ತಾನಾಗಿಯೇ ಅಳುವಾಗಿ ಬಂತು. "ಕಾಲು ಸೋತಿತು" ಅನ್ನುವಾಗ ನಿಜವಾದ ಕಣ್ಣೀರು.

ಕೂತಿದ್ದ ಒಬ್ಬ ಗುಜರಾತಿ ಹೆಂಗಸು ಮೊದಲು ನೋಡಿದಳು. ಅವಳ ಪಕ್ಕದ ಮರಾಠಿ ಹೆಂಗಸು ನನ್ನ ಕಡೆ ನೋಡಿ ತುಟಿ ಬಿಗಿಹಿಡಿದಳು. ನನ್ನನ್ನು ಅತ್ತೆ ಅಂದುಕೊಂಡಿರಬೇಕು. "ಬಸ ಗ ಬಾಳಾ," ಎಂದು ಸರಿದು ಜಾಗ ಮಾಡಿಕೊಟ್ಟಳು. ಇನ್ನೊಬ್ಬಳು ನೀರಿನ ಬಾಟಲಿ ಕೊಟ್ಟಳು. ನನ್ನ ಹುಡುಗಿ ಕೂತುಕೊಂಡು ನೀರು ಕುಡಿದು ಠಾಣೆಯವರೆಗೆ ಸುಖವಾಗಿ ಬಂದಳು. ನಾನು ಅಷ್ಟೂ ದಾರಿ ನಿಂತೇ ಬಂದೆ. ಯಾರೂ ನನ್ನ ಮುಖ ನೋಡಲಿಲ್ಲ.

ಒಂದು ವಾರ ಕಳೆದು, "ಅಭ್ಯಾಸ ಹೇಗೆ ನಡೀತಾ ಇದೆ?" ಎಂದು ಕೇಳಿದೆ.

"ದಿನಾ ಮಾಡ್ತೇನೆ ಟೀಚರ್. ದಿನಾ ಸೀಟು ಸಿಗ್ತದೆ. ಆದರೆ ಈ ಡೈಲಾಗ್ ಠಾಣೆವರೆಗೆ ಮಾತ್ರ ಸಾಕಾಗ್ತದೆ. ಸ್ವಲ್ಪ ಉದ್ದ ಮಾಡಿ ಕೊಡ್ತೀರಾ? ಆಫೀಸ್ ಇನ್ನೂ ಮುಂದೆ, ದಾದರ್‌ದಲ್ಲಿ ಇದೆ."

ಯಾರ ಅತ್ತೆ?

ಸೊಸೆ ದಿನಾ ಏನೋ ಗೊಣಗಿಕೊಳ್ಳುತ್ತಾಳೆ, ಕನ್ನಡಿಯ ಮುಂದೆ ಬೆನ್ನು ಬಗ್ಗಿಸಿ ನಡೆಯುತ್ತಾಳೆ ಎಂದು ಅವಳ ಅತ್ತೆಗೆ ಗಾಬರಿ. ಏನು ಕಲಿಸುತ್ತಿದ್ದಾರೆಂದು ನೋಡಿಯೇ ಬಿಡೋಣ ಎಂದು ಒಂದು ಭಾನುವಾರ ಅವರೇ ಬಂದರು. ಕುಂದಾಪುರದವರು, ನೇರ ಮಾತು. "ನಾನ್ ಇಲ್ಲೇ ಮೂಲೆಗ್ ಕೂಕಂತೆ ಟೀಚರ್. ನೀವ್ ನಿಮ್ಮ ಕೆಲ್ಸ ಮಾಡಿ," ಎಂದು ಕೂತರು.

ನನಗೆ ಒಳಗೇ ಅಳುಕು. ಯಾಕೆಂದರೆ ಅಂದಿನ ದೃಶ್ಯದಲ್ಲಿ ಅಜ್ಜಿ ಚಾ ಅಂಗಡಿಯವನ ಮುಂದೆ ತನ್ನ ಸೊಸೆಯನ್ನು ದೂರುವುದಿದೆ. ಸಾರಿಗೆ ಉಪ್ಪಿಲ್ಲ, ಬಾಗಿಲಿಗೆ ನೀರಿಲ್ಲ, ಕೂತಲ್ಲಿಂದ ಏಳುವುದಿಲ್ಲ ಎಂದು. ಈ ಹುಡುಗಿಗೆ ಮುದುಕಿಯ ನಡೆನುಡಿ ಬರಲಿಲ್ಲವೆಂದು, "ಮನೆಯಲ್ಲಿ ದೊಡ್ಡವರು ಹೇಗೆ ನಡೀತಾರೆ, ಹೇಗೆ ಮಾತಾಡ್ತಾರೆ, ನೋಡಿ ಕಲಿ," ಎಂದು ಹೇಳಿಕೊಟ್ಟವಳು ನಾನೇ.

ಅವಳು ನೋಡಿ ಕಲಿತಿದ್ದಳು. ಸೊಂಟಕ್ಕೆ ಒಂದು ಕೈ, ಸೆರಗಿನ ತುದಿಯಿಂದ ಮೂಗು ಒತ್ತಿಕೊಳ್ಳುವುದು, ದೂರು ಹೇಳಿ ಮುಗಿಸಿದ ಮೇಲೆ 'ನಂಗ್ ಎಂತಕೆ' ಎಂದು ಮುಖ ತಿರುಗಿಸುವುದು, ಒಂದೂ ಬಿಟ್ಟಿರಲಿಲ್ಲ. ಹೊಟೇಲು ಧಣಿ ಒಮ್ಮೆ ರಂಗದ ಮೇಲಿನ ಅಜ್ಜಿಯನ್ನು ನೋಡುತ್ತಾರೆ, ಒಮ್ಮೆ ಮೂಲೆಯಲ್ಲಿ ಕೂತ ಅತ್ತೆಯನ್ನು. ಸೂಪರ್‌ವೈಸರ್ ಮಾತು ಮರೆತು ಗ್ಲಾಸು ಹಿಡಿದು ನಿಂತರು. ನಾನು ಮನೆಯೊಂದನ್ನು ಮುರಿದೆ ಎಂದೇ ಅಂದುಕೊಂಡೆ.

ಅತ್ತೆ ಎದ್ದು ಬಂದರು. ಮುಖ ಕೆಂಪಾಗಿತ್ತು. ಹತ್ತಿರ ಬಂದಾಗ ತಿಳಿಯಿತು, ನಕ್ಕೂ ನಕ್ಕೂ ಕೆಂಪಾದದ್ದು. ಕಣ್ಣಲ್ಲಿ ನೀರು. ಸೊಸೆಯ ಎರಡೂ ಕೆನ್ನೆ ಹಿಂಡಿ, ಕುಂದಾಪುರದವರು ಹುಡುಗಿಯರನ್ನು ಕರೆಯುವ ಹಾಗೆ, "ಹೆಣೆ, ನೀನ್ ಅವ್ರನ್ ಕಂಡದ್ದೇ ಇಲ್ಲ, ಹ್ಯಾಂಗ್ ಗೊತ್ತಾಯ್ತ್ ನಿಂಗೆ?" ಎಂದರು.

"ಯಾರನ್ನು, ಅತ್ತೆ?" ಎಂದು ಸೊಸೆ ಕೇಳಿದಳು.

ಅವರು ನನ್ನ ಕಡೆ ತಿರುಗಿ, ಸೊಂಟಕ್ಕೆ ಕೈ ಇಟ್ಟು, ಸೆರಗಿನ ತುದಿಯಿಂದ ಮೂಗು ಒತ್ತಿಕೊಂಡು ಹೇಳಿದರು. "ಥೇಟ್ ನನ್ ಅತ್ತೆ, ಟೀಚರ್! ಹೀಂಗೇ ಇದ್ರ್!"

ಗಾಡಿ

ಕ್ಲಾಸು ಉಳಿಯಿತು, ಕೋಣೆ ನಮ್ಮದೇ ಆಯಿತು, ಯೋಗದವರು ಟೆರೇಸಿಗೆ ಹೋದರು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈಗ ಹೇಳುವುದನ್ನು ಹೇಳಿ ಮುಗಿಸಿದ ಮೇಲೆ ನನ್ನಿಂದ ಬೇರೆ ಏನನ್ನೂ ಹೇಳಲಾಗುವುದಿಲ್ಲ.

ವಾರ್ಷಿಕೋತ್ಸವದ ದಿನ ಸಭಾಗೃಹ ತುಂಬಿತ್ತು. ಅಂಬರನಾಥದಿಂದ ಹಿಡಿದು ಠಾಣೆಯವರೆಗಿನ ನಮ್ಮವರೆಲ್ಲ ಬಂದಿದ್ದರು. ಮೊದಲ ಸಾಲಿನಲ್ಲಿ ಅಧ್ಯಕ್ಷರು, ಅವರ ಪಕ್ಕ ಯೋಗದವರು, ಅವರ ಪಕ್ಕ ಕುಂದಾಪುರದ ಅತ್ತೆ.

ಗಾಡಿಯ ಸದ್ದಿನ ಜವಾಬ್ದಾರಿ ಕಾಲೇಜು ಹುಡುಗಿಯದು. ಅವಳು ಅದಕ್ಕಾಗಿ ಠಾಕುರ್ಲಿ ಸ್ಟೇಷನ್ನಿಗೆ ಹೋಗಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದಿದ್ದಳು. ಡೊಂಬಿವಲಿಯಲ್ಲಿ ಗಾಡಿ ನಿಲ್ಲುವುದರಿಂದ ಆವಾಜಿಗೆ ಮಜಾ ಇಲ್ಲ, ಠಾಕುರ್ಲಿಯಲ್ಲಿ ನಿಲ್ಲದೆ ಧಡಧಡ ಹೋಗುತ್ತದೆ ಎಂದು ಅವಳ ವಾದ. ನನಗೆ ಮೊದಲಿನ ಒಂದಿಷ್ಟು ಕೇಳಿಸಿದಳು. ಗುಡುಗಿನಂತಿತ್ತು. "ಶಾಭಾಸ್!" ಎಂದೆ. ಕೊನೆಯವರೆಗೆ ನಾನೂ ಕೇಳಲಿಲ್ಲ, ಅವಳೂ ಕೇಳಿರಲಿಲ್ಲ.

ನಾಟಕ ರಂಗೇರಿತು. ಹೀಗೆ ಆಗುತ್ತದೆಂದು ನನಗೆ ಗೊತ್ತೇ ಇತ್ತು. ಸ್ಟೇಷನ್ ಮಾಸ್ತರ ತನ್ನ ಕುರ್ಚಿಯಲ್ಲೇ ಇದ್ದರು. ಸೊಸೆ 'ಇನ್ನೆಷ್ಟು ವರ್ಷ ಕಾಯಲಿ' ಅಂದಾಗ ಹಿಂದಿನ ಸಾಲುಗಳಲ್ಲಿ ಮೂಗು ಸೀಟುವ ಸದ್ದು ಕೇಳಿಸಿತು. ಅಧ್ಯಕ್ಷರು ಮುಂದಕ್ಕೆ ಬಾಗಿ ಕೂತಿದ್ದರು. ಮೂವರೂ ರಂಗದ ಅಂಚಿಗೆ ಬಂದು ದೂರ ನೋಡಿದರು. ಸ್ಪೀಕರಿನಲ್ಲಿ ಗಾಡಿಯ ಸದ್ದು ಶುರುವಾಯಿತು. ಹತ್ತಿರ, ಇನ್ನೂ ಹತ್ತಿರ. ಸದ್ದು ತುಂಬಿ ಬರುತ್ತಲೇ ದೀಪ ಆರಿಸುವುದು ನನ್ನ ಕೆಲಸ. ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತಿದ್ದೆ.

ಅಷ್ಟರಲ್ಲಿ ಸ್ಪೀಕರಿನಿಂದ, ಗಾಡಿಯ ಗುಡುಗಿನ ಮೇಲೆ, ನಾವೆಲ್ಲ ದಿನಾ ಕೇಳುವ ಹೆಣ್ಣುದನಿ ಸ್ವಚ್ಛವಾಗಿ ಮರಾಠಿಯಲ್ಲಿ ಕೇಳಿಸಿತು. "ಕೃಪಯಾ ಲಕ್ಷ ದ್ಯಾ." ದಯವಿಟ್ಟು ಪ್ಲಾಟ್‌ಫಾರ್ಮಿನ ಅಂಚಿನಿಂದ ದೂರ ನಿಲ್ಲಿ. ಈಗ ಬರುತ್ತಿರುವ ಗಾಡಿ ಈ ಸ್ಟೇಷನ್ನಿನಲ್ಲಿ ನಿಲ್ಲುವುದಿಲ್ಲ.

ನನ್ನ ಬೆರಳು ಸ್ವಿಚ್ಚಿನ ಮೇಲೆ ಕಲ್ಲಾಯಿತು. ಮೊದಲ ಸಾಲಿನವರು ಅಭ್ಯಾಸಬಲದಿಂದ ಕಾಲು ಹಿಂದಕ್ಕೆ ಎಳೆದುಕೊಂಡರು. ಬರೆದವರೇ ಹೇಳದೆ ಬಿಟ್ಟದ್ದನ್ನು ಆ ಹೆಂಗಸು ಹೇಳಿಬಿಟ್ಟಿದ್ದಳು. ಹಿಂದೆ ಎಲ್ಲೋ ಒಬ್ಬರು ಕಿಸಕ್ ಎಂದರು. ದೀಪ ಉರಿಯುತ್ತಿದೆ, ಮೂವರೂ ರಂಗದ ಮೇಲೆ ನಿಂತಿದ್ದಾರೆ, ಗಾಡಿ ಬರುತ್ತಲೇ ಇದೆ.

ಆಗ ಅಜ್ಜಿ ಸ್ಟೇಷನ್ ಮಾಸ್ತರನ ಕಡೆ ತಿರುಗಿದಳು. "ಮಾಸ್ತರೇ, ಏನು ನೋಡ್ತಾ ನಿಂತಿದ್ದೀರಿ?" ಎಂದು ಕೂಗಿದಳು. "ಇವತ್ತು ನಿಲ್ಲಲೇಬೇಕು! ಕೆಂಪು ಬಾವುಟ ತೋರಿಸಿ!"

ಪುಸ್ತಕದಲ್ಲಿಲ್ಲದ ಮಾತು. ನಾನು ಹೇಳಿಕೊಟ್ಟದ್ದಲ್ಲ. ಒಂದೂ ತಪ್ಪಿಲ್ಲದ ಕನ್ನಡ.

ಮಾಸ್ತರನ ಕೈಯಲ್ಲಿ ಇದ್ದದ್ದು ಹಸಿರು ಬಾವುಟ ಮಾತ್ರ. ಅವರು ಅದನ್ನು ಬಿಸಾಡಿ, ಚಾ ಅಂಗಡಿಯವನ ಹೆಗಲಲ್ಲಿದ್ದ ಕೆಂಪು ಟವೆಲು ಎಳೆದುಕೊಂಡು, ರಂಗದ ತುದಿಗೆ ಓಡಿ ಬೀಸತೊಡಗಿದರು. 'ನಿಲ್ಲಿ' ಅನ್ನುವುದಕ್ಕೆ ಗಾಬರಿಯಲ್ಲಿ ಬಾಯಿಗೆ ಬಂದದ್ದು ತುಳು. "ಉಂತುಲೆ! ಉಂತುಲೆ!" ಪಕ್ಕದಲ್ಲಿ ಸೂಪರ್‌ವೈಸರ್ ಎರಡೂ ಕೈ ಎತ್ತಿ, "ನಿಂದರ್ಸ್ರೀ! ಏ, ನಿಂದರ್ಸ್ರೀ!" ಎಂದು ಅರಚಿದರು.

ಕಾಲೇಜು ಹುಡುಗಿ ಅವರು ತನಗೇ ಹೇಳುತ್ತಿದ್ದಾರೆಂದು ತಿಳಿದಳು. ಗಡಿಬಿಡಿಯಲ್ಲಿ ಫೋನು ಒತ್ತಿದಳು.

ಸದ್ದು ನಿಂತಿತು.

ಹಿಂದಿನ ಸಾಲಿನಿಂದ ಯಾರೋ, "ನಿಂತಿತು! ಗಾಡಿ ನಿಂತಿತು!" ಎಂದರು. ಚಪ್ಪಾಳೆ, ಸಿಳ್ಳೆ. ಅಧ್ಯಕ್ಷರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು, ಯೋಗದವರು ಕುರ್ಚಿ ಮೇಲೆ ಹತ್ತಿದ್ದರು. ನಾನು ಸ್ವಿಚ್ಚು ಮರೆತು ಅಳುತ್ತಾ ನಗುತ್ತಾ ನಿಂತಿದ್ದೆ.

ಗಾಡಿ ನಿಂತಿತಲ್ಲ, ಅಜ್ಜಿ ಇನ್ನು ಹತ್ತಬೇಕು. ಅವಳು ಗಂಟನ್ನು ಕಂಕುಳಿಗೆ ಒತ್ತಿಕೊಂಡು, ನೆರಿಗೆ ಎತ್ತಿ ಸಿಕ್ಕಿಸಿ, ಮೊಣಕೈ ಮುಂದೆ ಮಾಡಿ, ಮಾಸ್ತರನನ್ನು ಒಂದು ಕಡೆ ಚಾ ಅಂಗಡಿಯವನನ್ನು ಒಂದು ಕಡೆ ತಳ್ಳಿ, ಇಲ್ಲದ ಬಾಗಿಲಿಗೆ ನುಗ್ಗಿದಳು.

ಮೊದಲ ಸಾಲಿನಲ್ಲಿ ಅವಳ ಅತ್ತೆ ಧಡಕ್ಕನೆ ಎದ್ದು ನಿಂತರು. ಚಪ್ಪಾಳೆಯನ್ನೆಲ್ಲ ಸೀಳಿಕೊಂಡು ಅವರ ದನಿ ಬಂತು.

"ಹೆಣೆ! ಮೊದ್ಲ್ ಇಳಿವರನ್ನ್ ಬಿಡ್!"